ಆಲಮಟ್ಟಿಯಲ್ಲಿ ನೋಡಬೇಕಾದುದೇನು?

ರಜೆ ಬಂದಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ಶಾಲೆಯ ಮಕ್ಕಳೂ ಕುಟುಂಬಗಳೂ ಬುತ್ತಿ ಕಟ್ಟಿಕೊಂಡು ಆಲಮಟ್ಟಿಗೆ ಹೊರಡುವುದುಂಟು. ಹಿಂದೆ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಈ ಸ್ಥಳದಲ್ಲಿ ಶಿಲೋದ್ಯಾನವಿದೆ, ಸಂಗೀತ ಕಾರಂಜಿಯಿದೆ. ಬಿಸಿಲುನಾಡಿನ ಜನರಿಗೆ ಹಸಿರೂ ನೀರೂ ಒಂದೆಡೆ ದೊರೆಯುವುದು ಸಣ್ಣ ಭಾಗ್ಯವಲ್ಲ. ಆದರೆ ಕಾರಂಜಿಯನ್ನು ಕಂಡು, ಜಲಾಶಯಕ್ಕೆ ಬೆನ್ನು ಮಾಡಿ ಚಿತ್ರ ತೆಗೆಸಿಕೊಂಡು ಮರಳುವವರು ನೋಡಬೇಕಾದುದನ್ನೇ ಬಿಟ್ಟು ಮರಳುತ್ತಾರೆಂಬುದು ನನ್ನ ಅಭಿಪ್ರಾಯ.

ಈ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಜಲಾಶಯಕ್ಕೆ ಅವರದೇ ಹೆಸರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಸಮರ್ಪಿಸಿದರು. ಸಮುದ್ರಮಟ್ಟದಿಂದ 519.60 ಮೀಟರಿನವರೆಗೆ ತುಂಬಿದಾಗ ಇಲ್ಲಿ ಸುಮಾರು 123 ಶತಕೋಟಿ ಘನ ಅಡಿ ನೀರು ನಿಲ್ಲುತ್ತದೆ. ಈ ನೀರು ಎಲ್ಲಿಂದ ಬಂದಿತು? ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಕೃಷ್ಣೆಯು ಹುಟ್ಟುವ ಮಹಾಬಳೇಶ್ವರದಲ್ಲಿ 5,000 ಮಿಲಿಮೀಟರಿಗೂ ಹೆಚ್ಚು. ಸಹ್ಯಾದ್ರಿಯು ಮೋಡಗಳನ್ನು ತಡೆದು ನಮಗೆ ಮಳೆಯ ನೆರಳನ್ನಿತ್ತಿದೆ. ನದಿಯಾದರೋ ಆ ಮಳೆಯನ್ನೇ ನಮ್ಮ ಬಾಗಿಲಿಗೆ ತರುತ್ತದೆ. ತಲೆಯ ಮೇಲೆ ಒಣ ಆಕಾಶ, ಕಾಲಕೆಳಗೆ ಏರುತ್ತಿರುವ ನೀರು: ಭೂಗೋಳದ ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ?

ಮಳೆಗಾಲ ಕಳೆದ ಮೇಲೆ ನೀರು ಕಾಲುವೆಗಳಿಗೆ ಹರಿದಂತೆಲ್ಲ ಜಲಾಶಯವು ಮೆಲ್ಲನೆ ಇಳಿಯುತ್ತದೆ. ಆಗ ಹಿನ್ನೀರಿನ ಅಂಚಿನಲ್ಲಿ ಕೆಸರುದಂಡೆಗಳು ತೆರೆದುಕೊಳ್ಳುತ್ತವೆ. ರಾಜಹಂಸವೆಂದು ನಾವು ಕರೆಯುವ ಫ್ಲೆಮಿಂಗೊ ಹಕ್ಕಿಗಳು ಅಲ್ಲಿಗೆ ಬರುತ್ತವೆ. ಅವು ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು, ಕೆಸರುನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ತಿನ್ನುತ್ತವೆ. ಅವುಗಳ ನಸುಗೆಂಪು ಬಣ್ಣವೂ ಆ ಆಹಾರದಿಂದಲೇ ಬಂದುದು. ನಮಗೆ ಬರಿಯ ಕೆಸರಾಗಿ ಕಾಣುವುದು ಅವುಗಳಿಗೆ ಊಟದ ತಟ್ಟೆ. ಚಿತ್ರಕ್ಕಾಗಿ ಹತ್ತಿರ ಹೋಗಿ ಹಾರಿಸಿದರೆ, ಉಣ್ಣುತ್ತಿದ್ದ ಅತಿಥಿಯನ್ನು ಎಬ್ಬಿಸಿ ಕಳುಹಿಸಿದಂತೆಯೇ ಸರಿ.

ಇನ್ನೊಂದು ಮಾತನ್ನು ಮರೆಯಲಾಗದು. ಈ ನೀರಿನಡಿಯಲ್ಲಿ ಹೊಲಗಳಿವೆ, ಮನೆಗಳ ತಳಪಾಯಗಳಿವೆ. ಹಲವು ಹಳ್ಳಿಗಳೂ ಹಳೆಯ ಬಾಗಲಕೋಟೆಯ ಒಂದು ಭಾಗವೂ ಮುಳುಗಿದವು. ಜನರು ನವನಗರಕ್ಕೂ ಪುನರ್ವಸತಿ ಗ್ರಾಮಗಳಿಗೂ ತೆರಳಿದರು. ನಮ್ಮ ವಿಹಾರದ ತಾಣ ಅವರ ತ್ಯಾಗದ ಫಲ.

ಆದುದರಿಂದ ಉದ್ಯಾನದಲ್ಲಿ ಇನ್ನೊಂದು ಕಾರಂಜಿಗಿಂತ ಮೊದಲು ಮೂರು ಫಲಕಗಳು ಬೇಕು: ದಿನದಿನದ ನೀರಿನ ಮಟ್ಟವನ್ನೂ ಎರಡೂರುಗಳ ಮಳೆಯನ್ನೂ ಹೇಳುವುದೊಂದು, ಹಕ್ಕಿಗಳನ್ನು ಪರಿಚಯಿಸುವುದೊಂದು, ಮುಳುಗಿದ ಊರುಗಳ ಹೆಸರನ್ನು ಬರೆದುದೊಂದು. ಇವಕ್ಕೆ ಹೆಚ್ಚಿನ ವೆಚ್ಚ ತಗಲದು. ಪ್ರವಾಸಿಗರ ಪಾಲಿನ ಕೆಲಸ ಇನ್ನೂ ಹಗುರ: ತಂದ ಪ್ಲಾಸ್ಟಿಕನ್ನು ಮರಳಿ ಒಯ್ಯುವುದು, ಕೆಸರುದಂಡೆಗೆ ವಾಹನ ಇಳಿಸದಿರುವುದು, ಹೊರಡುವ ಮುನ್ನ ಅರ್ಧ ಗಂಟೆ ಸುಮ್ಮನೆ ಕುಳಿತು ನೀರನ್ನು ನೋಡುವುದು. ಮಕ್ಕಳು ಪ್ರಶ್ನೆ ಕೇಳಲು ಅಷ್ಟು ಹೊತ್ತು ಸಾಕು. ಉತ್ತರ ಹೇಳಲು ಹಿರಿಯರು ಮಾತ್ರ ಸಿದ್ಧರಾಗಿ ಹೋಗಬೇಕು.