ಕಾಗೆಗಳ ಔತಣಕ್ಕೆ ಎರಡನೆಯ ಪಂಕ್ತಿ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಮಾಲೆಯ ಮೂರನೆಯ ಸಂಪುಟ 2000ದಲ್ಲಿ ಬಂತು. ಅದು ಮುಗಿಯುವ ಹೊತ್ತಿಗೆ ಕುಬ್ಜ ಟಿರಿಯನ್ ತನ್ನ ತಂದೆಯನ್ನೇ ಕೊಂದು ತಲೆಮರೆಸಿಕೊಂಡಿದ್ದ. ಜಾನ್ ಸ್ನೋ ಉತ್ತರದ ಮಹಾಗೋಡೆಯ ಕಾವಲು ಪಡೆಗೆ ಒಡೆಯನಾಗಿದ್ದ. ಮೂರು ಡ್ರ್ಯಾಗನ್‌ಗಳನ್ನು ಸಾಕಿದ ಡೆನೇರಿಸ್, ಗೆದ್ದ ಊರಲ್ಲೇ ಉಳಿದು ಆಳುವುದನ್ನು ಕಲಿಯುತ್ತೇನೆಂದು ನಿಶ್ಚಯಿಸಿದ್ದಳು. ಈ ಮೂವರ ಮುಂದಿನ ಗತಿ ತಿಳಿಯಲು ಓದುಗರು ಐದು ವರ್ಷ ಕಾದರು. 2005ರಲ್ಲಿ ನಾಲ್ಕನೆಯ ಸಂಪುಟ 'ಎ ಫೀಸ್ಟ್ ಫಾರ್ ಕ್ರೋಸ್', ಅಂದರೆ ಕಾಗೆಗಳ ಔತಣ, ಕೈಗೆ ಬಂತು. ಪ್ರತಿ ಅಧ್ಯಾಯವೂ ಒಬ್ಬೊಬ್ಬ ಪಾತ್ರದ ಕಣ್ಣಿನಿಂದ ಸಾಗುವ ಈ ಮಾಲೆಯಲ್ಲಿ, ಆ ಸಂಪುಟದ ಒಂದೇ ಒಂದು ಅಧ್ಯಾಯವೂ ಈ ಮೂವರ ಪಾಲಿಗೆ ಬಂದಿರಲಿಲ್ಲ. ಹಸ್ತಪ್ರತಿ ಒಂದು ಪುಸ್ತಕದಲ್ಲಿ ಹಿಡಿಯದಷ್ಟು ಬೆಳೆದಿತ್ತು. ಮಾರ್ಟಿನ್ ಅದನ್ನು ಕಾಲದ ನಡುವೆ ಕತ್ತರಿಸದೆ ಭೂಗೋಳದ ಪ್ರಕಾರ ಸೀಳಿದ್ದರು. ಬಹುಪಾಲು ದಕ್ಷಿಣದ ಜನ ಈ ಸಂಪುಟಕ್ಕೆ, ಉಳಿದವರು ಮುಂದಿನದಕ್ಕೆ. ಮುಂದಿನದು ಮರುವರ್ಷವೇ ಬರಬಹುದೆಂಬ ಆಶಯವನ್ನು ಪುಸ್ತಕದ ಕೊನೆಯಲ್ಲಿ ಬರೆದಿದ್ದರು. ಅದು ಬಂದದ್ದು 2011ರ ಜುಲೈಯಲ್ಲಿ.

ನಾಲ್ಕನೆಯ ಸಂಪುಟ ಹೊರಬಿದ್ದ ಕೂಡಲೇ ನ್ಯೂಯಾರ್ಕ್ ಟೈಮ್ಸ್‌ನ ಮಾರಾಟಪಟ್ಟಿಯ ತುದಿಗೇರಿತು, ಮರುವರ್ಷ ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲೂ ಇತ್ತು. ಆದರೆ ಮಾಲೆಯ ಅಭಿಮಾನಿಗಳ ನಡುವೆ ಹರಡಿದ ಮಾತು ಬೇರೆ: ಕಥೆ ಮುಂದೆ ಸಾಗಿಲ್ಲ, ಬೇಕಾದವರು ಇಲ್ಲ, ಬೇಡದವರು ತುಂಬಿಕೊಂಡಿದ್ದಾರೆ, ಊರೂರು ಅಲೆಯುವುದೇ ಆಯಿತು. ಇಂದು ಅದೇ ಪುಸ್ತಕವನ್ನು ಮಾಲೆಯ ಅತ್ಯಂತ ಪಕ್ವವಾದ ಸಂಪುಟವೆಂದು ವಾದಿಸುವ ಓದುಗರು ಬೇಕಾದಷ್ಟು ಸಿಗುತ್ತಾರೆ. ಅವರಲ್ಲಿ ಬಹಳ ಮಂದಿ ಮೊದಲ ಸಲ ಬೇಸರದಿಂದ ಪುಟ ತಿರುವಿದವರೇ. ಪುಸ್ತಕದ ಒಂದಕ್ಷರವೂ ಬದಲಾಗಿಲ್ಲ. ಹಾಗಾದರೆ ಬದಲಾದದ್ದು ಏನು? ಮಹಾಮಾಲೆಯ ನಡುವಿನ ಸಂಪುಟವೊಂದಕ್ಕೆ ಓದುಗ ಕೊಡುವ ಮೊದಲ ತೀರ್ಪಿನಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ಅವನು ಕಾದ ವರ್ಷಗಳು ಮಾತಾಡುತ್ತವೆ ಎಂಬುದು ನನ್ನ ವಾದ. ಆ ತೀರ್ಪು ಸುಳ್ಳಲ್ಲ, ಅದನ್ನು ಕೇಳಿಸಿಕೊಳ್ಳಲೇಬೇಕು. ಆದರೆ ಪುಸ್ತಕದ ಬೆಲೆ ಕಟ್ಟಲು ಎರಡನೆಯ ತೀರ್ಪು ಬರುವ ತನಕ ನಿಲ್ಲಬೇಕು.

ಬ್ರಿಯೆನ್ ಎಂಬ ವೀರವನಿತೆಯ ಅಧ್ಯಾಯಗಳನ್ನೇ ನೋಡಿ. ಕಾಣೆಯಾದ ಸಾನ್ಸಾಳನ್ನು ಹುಡುಕಿಕೊಂಡು ಅವಳು ಯುದ್ಧದಲ್ಲಿ ಸುಟ್ಟ ಹಳ್ಳಿಗಳ ನಡುವೆ ಸುತ್ತುತ್ತಾಳೆ. ಸಾನ್ಸಾ ದೂರದ ಪರ್ವತಕೋಟೆಯಲ್ಲಿ ಬೇರೆ ಹೆಸರಿಟ್ಟುಕೊಂಡು ಇದ್ದಾಳೆಂಬುದು ಬ್ರಿಯೆನ್‌ಗೆ ಗೊತ್ತಿಲ್ಲ, ಓದುವವನಿಗೆ ಗೊತ್ತು. ಹೀಗಾಗಿ ಮೊದಲ ಸಲ ಓದುವವನಿಗೆ ಅವಳ ಒಂದೊಂದು ಹೆಜ್ಜೆಯೂ ವ್ಯರ್ಥವೆನಿಸುತ್ತದೆ. ಸಿಗದವಳನ್ನು ಹುಡುಕುವ ಈ ಪುಟಗಳ ಬದಲು ಟಿರಿಯನ್ ಎಲ್ಲಿದ್ದಾನೆಂದು ಹೇಳಬಾರದೇ ಎಂಬ ಚಡಪಡಿಕೆ. ಎರಡನೆಯ ಸಲ ಅದೇ ದಾರಿ ಬೇರೆಯಾಗಿ ಕಾಣುತ್ತದೆ. ಹಿಂದಿನ ಮೂರು ಸಂಪುಟಗಳಲ್ಲಿ ರಾಜರು ಹೋರಾಡಿದರು, ಸತ್ತರು, ಗೆದ್ದರು. ಆ ಹೋರಾಟಕ್ಕೆ ಬೆಲೆ ತೆತ್ತವರ ಮುಖಗಳು ನಮಗೆ ಹತ್ತಿರದಿಂದ ಕಾಣುವುದು ಈ ದಾರಿಯಲ್ಲಿ: ನೇಣಿಗೆ ತೂಗುವ ಹೆಣಗಳು, ಬೀಗ ಹಾಕಿದ ಕೋಟೆಗಳು, ಅನಾಥ ಮಕ್ಕಳೇ ತುಂಬಿದ ಒಂದು ಛತ್ರ. ಮೆರಿಬಾಲ್ಡ್ ಎಂಬ ಬರಿಗಾಲ ಸನ್ಯಾಸಿ ಅಲ್ಲಿ ದಂಡಿನಿಂದ ಓಡಿಬಂದು ಕಾಡು ಸೇರಿದವರ ಬಗ್ಗೆ ಮಾತಾಡುತ್ತಾನೆ. ಹಾಡಿಕೊಂಡು ಯುದ್ಧಕ್ಕೆ ಹೊರಟ ಬಡಹುಡುಗರು ಅಣ್ಣತಮ್ಮಂದಿರನ್ನು ಕಳೆದುಕೊಂಡು, ಹಸಿದು, ರೋಗ ಹತ್ತಿ, ಕೊನೆಗೊಂದು ದಿನ ಮನುಷ್ಯರಾಗಿ ಉಳಿಯುವ ಶಕ್ತಿಯನ್ನೇ ಹೇಗೆ ಕಳೆದುಕೊಳ್ಳುತ್ತಾರೆ ಎಂಬುದನ್ನು ವಿವರಿಸುತ್ತಾನೆ. ತಾನೂ ಹಾಗೆಯೇ ಹೊರಟಿದ್ದ ಹುಡುಗನೆಂಬುದು ಆ ಮಾತಿನ ಕೊನೆಯಲ್ಲಿ ತಿಳಿಯುತ್ತದೆ. ಇಡೀ ಮಾಲೆಯ ನೈತಿಕ ತೂಕ ನಿಂತಿರುವುದು ಆ ಎರಡು ಮೂರು ಪುಟಗಳ ಮೇಲೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅವಸರದಲ್ಲಿದ್ದವನು ಅದನ್ನು ದಾಟಿ ಹೋಗುತ್ತಾನೆ. ಕಥೆಯ ಗಡಿಯಾರದ ಪ್ರಕಾರ ಅಲ್ಲಿ ಏನೂ ನಡೆಯುವುದಿಲ್ಲವಲ್ಲ.

ಕನ್ನಡದ ಓದುಗನಿಗೆ ಇದನ್ನು ಅರ್ಥಮಾಡಿಕೊಳ್ಳಲು ಹೊಸ ಸಿದ್ಧಾಂತವೇನೂ ಬೇಕಿಲ್ಲ. ಕುಮಾರವ್ಯಾಸನನ್ನು ಗಮಕಿಯ ಬಾಯಲ್ಲಿ ಕೇಳಲು ಕೂತವರಲ್ಲಿ ಕರ್ಣ ಸಾಯುತ್ತಾನೋ ಬದುಕುತ್ತಾನೋ ಎಂಬ ಕುತೂಹಲದಿಂದ ಬಂದವರು ಯಾರೂ ಇರುವುದಿಲ್ಲ. ತಾಳಮದ್ದಳೆಯಲ್ಲಿ ಮುಂದೇನಾಯಿತು ಎಂದು ಯಾರೂ ಕೇಳುವುದಿಲ್ಲ. ಈ ಅರ್ಥಧಾರಿ ಇವತ್ತು ಕರ್ಣನಿಗೆ ಯಾವ ಮಾತು ಕೊಟ್ಟ ಎಂಬುದಷ್ಟೇ ಮರುದಿನದ ಚರ್ಚೆ. ಅಂತ್ಯ ಮೊದಲೇ ಗೊತ್ತಿರುವುದರಿಂದ ಕೇಳುಗನ ಕಿವಿ ನಡುವಿನ ಪದಗಳ ಮೇಲೆ, ಸಂದಿಗ್ಧಗಳ ಮೇಲೆ, ನಿಧಾನದ ಮೇಲೆ ನೆಲೆಸುತ್ತದೆ. ಮಾಲೆಯೊಂದನ್ನು ಮರಳಿ ಓದುವವನು ಗೊತ್ತಿಲ್ಲದೆಯೇ ಈ ಕೇಳುಗನ ಜಾಗಕ್ಕೆ ಬಂದು ಕೂರುತ್ತಾನೆ. ಕಾದಂಬರಿ ಭಾರತವಲ್ಲ ನಿಜ, ಹೊಸ ಕಥೆ ಹೇಳುವವನಿಗೆ 'ಮುಂದೇನು' ಎಂಬ ಹಸಿವೇ ಬಂಡವಾಳ, ಆ ಹಸಿವನ್ನು ಕೀಳೆನ್ನುವುದು ಸಲ್ಲದು. ಆದರೆ ಹಸಿದವನಿಗೆ ಊಟ ಬಂದರೆ ಸಾಕಾಗಿರುತ್ತದೆ, ಎಲೆಯ ಮೇಲೆ ಬಡಿಸಿದ ಒಂದೊಂದರ ರುಚಿಯನ್ನು ಅವನು ಆಮೇಲೆ ಗಮನಿಸುತ್ತಾನೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಬೇಸರವಾದ ಪುಸ್ತಕವನ್ನು ಯಾರು ಮತ್ತೆ ಓದುತ್ತಾರೆ? ಅಭಿಮಾನಿಗಳು ಮಾತ್ರ. ಅಭಿಮಾನಿಗಳು ಕೊನೆಗೆ ಎಲ್ಲವನ್ನೂ ಮೆಚ್ಚಲು ದಾರಿ ಕಂಡುಕೊಳ್ಳುತ್ತಾರೆ, ಹಾಗಾಗಿ ಎರಡನೆಯ ತೀರ್ಪು ಎಂಬುದು ಭಕ್ತರ ಸಮಾಧಾನವಷ್ಟೇ ಎಂದು ಹೇಳಬಹುದು. ಮಾರ್ಟಿನ್ ಅವರ ಮಾಲೆಯೊಂದೇ ನಮ್ಮ ಮುಂದಿದ್ದಿದ್ದರೆ ಈ ಆಕ್ಷೇಪಕ್ಕೆ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಅದೃಷ್ಟಕ್ಕೆ ಇನ್ನೊಂದು ಮಾಲೆಯಿದೆ, ಅದು ಮುಗಿದೂ ಇದೆ. ರಾಬರ್ಟ್ ಜೋರ್ಡನ್ ಅವರ 'ದ ವೀಲ್ ಆಫ್ ಟೈಮ್' ಶುರುವಾದದ್ದು 1990ರಲ್ಲಿ. ಯುಗಗಳು ಕಳೆದು ಮರಳಿ ಬರುತ್ತವೆ, ಕಾಲ ಚಕ್ರದಂತೆ ತಿರುಗುತ್ತದೆ ಎಂಬ ಅದರ ಕಲ್ಪನೆ ನಮ್ಮವರಿಗೆ ಪರಕೀಯವೆನಿಸುವುದೇ ಇಲ್ಲ. 2000ದ ನವೆಂಬರ್‌ನಲ್ಲಿ ಬಂದ ಒಂಬತ್ತನೆಯ ಸಂಪುಟ ಒಂದು ಮಹಾಘಟನೆಯಲ್ಲಿ ನಿಂತಿತ್ತು: ಮೂರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಗಂಡಸರ ಮಾಂತ್ರಿಕ ಶಕ್ತಿಗೆ ಬೆರೆತಿದ್ದ ವಿಷವನ್ನು ನಾಯಕ ರ‍್ಯಾಂಡ್ ತೊಳೆದುಹಾಕುತ್ತಾನೆ. 2003ರ ಜನವರಿಯಲ್ಲಿ ಬಂದ ಹತ್ತನೆಯ ಸಂಪುಟ 'ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್' ಅಲ್ಲಿಂದ ಮುಂದೆ ಹೋಗುವ ಬದಲು, ಅದೇ ಹೊತ್ತಿನಲ್ಲಿ ಉಳಿದ ಪಾತ್ರಗಳು ಎಲ್ಲೆಲ್ಲಿ ಏನು ಮಾಡುತ್ತಿದ್ದವೆಂದು ಹೇಳಲು ಹಿಂದಕ್ಕೆ ಹೋಯಿತು. ಆಮೇಲೂ ರ‍್ಯಾಂಡ್ ಕಾಣಿಸಿಕೊಂಡದ್ದು ಅಪರೂಪಕ್ಕೆ. ಉಡುಗೆಯ ವರ್ಣನೆ, ಚಹಾ ಕುಡಿಯುತ್ತ ನಡೆಯುವ ಮಾತುಕತೆ, ಮುತ್ತಿಗೆಯ ಕಾಯುವಿಕೆ ಪುಟಗಟ್ಟಲೆ ಹರಡಿದವು. ಓದುಗರು ಸಿಟ್ಟಾದರು. ನಡುವೆ 2004ರಲ್ಲಿ ಬಂದ ಪುಸ್ತಕವೂ ಕಥೆಗೆ ಹಿಂದಿನ ಕಾಲದ್ದು. ಹನ್ನೊಂದನೆಯದು ಸಿಕ್ಕಿದ್ದು 2005ರ ಅಕ್ಟೋಬರ್‌ನಲ್ಲಿ.

ಜೋರ್ಡನ್ 2007ರ ಸೆಪ್ಟೆಂಬರ್ 16ರಂದು ಹೃದಯಸಂಬಂಧಿ ಕಾಯಿಲೆಯಿಂದ ತೀರಿಕೊಂಡರು. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ ಹಾಗೆ, ಇಲ್ಲಿಯೂ ಇನ್ನೊಬ್ಬರು ಬರಬೇಕಾಯಿತು. ಜೋರ್ಡನ್ ಅವರ ಹೆಂಡತಿಯೂ ಸಂಪಾದಕಿಯೂ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್, ಬ್ರ್ಯಾಂಡನ್ ಸ್ಯಾಂಡರ್ಸನ್ ಅವರನ್ನು ಆರಿಸಿದರು. ಒಂದೇ ಸಂಪುಟವೆಂದುಕೊಂಡದ್ದು ಮೂರಾಗಿ, ಹದಿನಾಲ್ಕನೆಯ ಸಂಪುಟದೊಂದಿಗೆ 2013ರ ಜನವರಿಯಲ್ಲಿ ಮಾಲೆ ಮುಗಿಯಿತು. ನನ್ನ ವಾದಕ್ಕೆ ಮುಖ್ಯವಾದದ್ದು ಇಲ್ಲಿಂದ ಮುಂದೆ. 2013ರ ನಂತರ ಓದಲು ಕೂತವರು ಯಾರಿಗೂ ಕಾಯಲಿಲ್ಲ. ಹತ್ತು ಮುಗಿದ ರಾತ್ರಿಯೇ ಹನ್ನೊಂದು ತೆರೆದರು. ಹಳಬರು ಏಳರಿಂದ ಹತ್ತರವರೆಗಿನ ಭಾಗವನ್ನು ಕೆಸರಿನಲ್ಲಿ ಕಾಲೆಳೆದು ನಡೆದಂತೆ ಎಂದು ದೂರುತ್ತಿದ್ದರು. ಹೊಸಬರಲ್ಲಿ ಅನೇಕರು ಆ ದೂರು ಅತಿಯಾಯಿತೆನ್ನುತ್ತಾರೆ. ಏಳು, ಎಂಟು, ಒಂಬತ್ತು ಅವರಿಗೆ ಸಲೀಸಾಗಿಯೇ ಸಾಗಿದವು. ಹತ್ತು ಮಾತ್ರ ಅವರಿಗೂ ಹತ್ತೇ. ಮಾಲೆಯನ್ನು ನಾಲ್ಕಾರು ಸಲ ಓದಿದ ಪರಮ ಅಭಿಮಾನಿಗಳೂ ಸಂಪುಟಗಳಿಗೆ ಕ್ರಮಾಂಕ ಕೊಡುವಾಗ ಸಾಮಾನ್ಯವಾಗಿ ಅದನ್ನು ಕೆಳಗೇ ಇಡುತ್ತಾರೆ. ಕಾಯುವಿಕೆಯನ್ನು ತೆಗೆದುಹಾಕಿದ ಮೇಲೆ ಕೆಲವು ದೂರುಗಳು ಕರಗಿದವು, ಒಂದು ಕರಗಲಿಲ್ಲ. ಭಕ್ತಿ ಎಲ್ಲವನ್ನೂ ಮೆಚ್ಚಿಸುತ್ತದೆ ಎಂಬುದು ನಿಜವಾಗಿದ್ದರೆ ಹತ್ತನೆಯದಕ್ಕೂ ಈ ಹೊತ್ತಿಗೆ ಮಂಗಳಾರತಿ ಆಗಬೇಕಿತ್ತು.

ಎರಡೂ ಪುಸ್ತಕಗಳು ನಿಧಾನ. ಎರಡೂ ಕಥಾನಾಯಕರನ್ನು ಬದಿಗಿಟ್ಟವು. ಆದರೂ ಒಂದು ಬೆಳೆಯಿತು, ಇನ್ನೊಂದು ಬೆಳೆಯಲಿಲ್ಲ. ನನ್ನ ಲೆಕ್ಕದಲ್ಲಿ ಕಾರಣ ಇಷ್ಟು: ಮಾರ್ಟಿನ್ ಅವರ ನಿಧಾನ ಹೊಸದೇನನ್ನೋ ನೋಡಲು ನಿಂತ ನಿಧಾನ. ಮೂರು ಸಂಪುಟ ಪೂರ್ತಿ ಹೊರಗಿನಿಂದಷ್ಟೇ ಕಂಡಿದ್ದ ರಾಣಿ ಸರ್ಸಿಯ ತಲೆಯೊಳಗೆ ಮೊದಲ ಬಾರಿಗೆ ಹೊಕ್ಕು, ಬಾಲ್ಯದಲ್ಲಿ ಕೇಳಿದ ಒಂದು ಭವಿಷ್ಯವಾಣಿಯ ಭಯ ಅವಳನ್ನು ತಪ್ಪಿನಿಂದ ತಪ್ಪಿಗೆ ಹೇಗೆ ನೂಕುತ್ತದೆಂದು ಅವರು ತೋರಿಸುತ್ತಾರೆ. ಜೋರ್ಡನ್ ಅವರ ಹತ್ತನೆಯ ಸಂಪುಟ ಬಹುಪಾಲು ನಮಗೆ ಆಗಲೇ ಗೊತ್ತಿದ್ದ ಘಟನೆಯೊಂದನ್ನು ಗೊತ್ತಿದ್ದ ಜನರ ಕಣ್ಣಲ್ಲಿ ದೂರದಿಂದ ಮತ್ತೆ ಮತ್ತೆ ತೋರಿಸುತ್ತದೆ. ಯುದ್ಧ ಕಂಡಿದ್ದ, ಪಡೆಗಳ ಚಲನೆಯನ್ನು ಬಲ್ಲ, ಸಾವಿರಾರು ಪಾತ್ರಗಳನ್ನು ನೆನಪಿನಲ್ಲಿಟ್ಟು ದುಡಿಸಬಲ್ಲ ದೊಡ್ಡ ಲೇಖಕ ಅವರು; ಇದೊಂದು ಸಂಪುಟದಲ್ಲಿ ರಚನೆ ಕೈಕೊಟ್ಟಿತು. ಮೊದಲ ವಾರದ ಸಿಟ್ಟು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿತ್ತು. ಅವುಗಳ ವ್ಯತ್ಯಾಸ ಹೇಳಿದ್ದು ವಿಮರ್ಶಕರಿಗಿಂತ ಹೆಚ್ಚಾಗಿ ಮರಳಿ ಓದಿದ ಸಾಮಾನ್ಯ ಓದುಗರು.

ಓದುಗರ ಸಿಟ್ಟಿನ ಬಗ್ಗೆ ಇನ್ನೆರಡು ಮಾತುಗಳು ಸದಾ ಕೇಳಿಬರುತ್ತವೆ. ದುಡ್ಡು ಕೊಟ್ಟು, ವರ್ಷಗಟ್ಟಲೆ ಕಾದವನಿಗೆ ಎರಡು ಸಲ ಓದು ಎನ್ನುವುದು ಯಾವ ನ್ಯಾಯ ಎಂಬುದು ಒಂದು. ಲೇಖಕ ಓದುಗನ ಜೀತದಾಳಲ್ಲ, ಕೊಂಡದ್ದು ಒಂದು ಪುಸ್ತಕವನ್ನೇ ಹೊರತು ಮುಂದಿನದರ ಹಕ್ಕನ್ನಲ್ಲ ಎಂಬುದು ಇನ್ನೊಂದು. ಮಾರ್ಟಿನ್ ಅವರ ಐದನೆಯ ಸಂಪುಟ ತಡವಾಗುತ್ತಿದ್ದಾಗ, 2009ರಲ್ಲಿ ಲೇಖಕ ನೀಲ್ ಗೇಮನ್ ಈ ಎರಡನೆಯ ಮಾತನ್ನು ಖಾರವಾಗಿಯೇ ಬರೆದರು, ಅದು ಬಹಳ ಓಡಾಡಿತು. ಲೇಖಕನ ದಿನಚರಿಯ ಮೇಲೆ, ಅವನ ಆರೋಗ್ಯ ವಯಸ್ಸುಗಳ ಮೇಲೆ ಓದುಗರು ತೋರುವ ಕ್ರೂರ ಆಸಕ್ತಿಗೆ ಆ ಉತ್ತರ ಸರಿಯಾದದ್ದು. ಆದರೆ ಅದು ಅರ್ಧ ಸತ್ಯ. ಒಂದೇ ಸಂಪುಟದಲ್ಲಿ ಮುಗಿಯುವ ಕಾದಂಬರಿ ಓದುಗನಿಂದ ಏನನ್ನೂ ಸಾಲ ಪಡೆಯುವುದಿಲ್ಲ. ಮಾಲೆ ಪಡೆಯುತ್ತದೆ. ಹತ್ತು ಎಳೆಗಳನ್ನು ಬಿಡಿಸಿಟ್ಟು, ಇವನ್ನು ಮುಂದೆ ಹೆಣೆಯುತ್ತೇನೆ ಎಂಬ ಭರವಸೆಯ ಮೇಲೆಯೇ ಅದು ಮಾರಾಟವಾಗುತ್ತದೆ. ಆ ಸಾಲ ಕೊಟ್ಟವನಿಗೆ ನಿರಾಶೆಪಡುವ ಹಕ್ಕಿದೆ, ಹೇಳಿಕೊಳ್ಳುವ ಹಕ್ಕೂ ಇದೆ. ನನ್ನ ತಕರಾರು ಆ ನಿರಾಶೆಯೇ ಪುಸ್ತಕದ ವಿಮರ್ಶೆ ಎಂದು ಬಿಡುಗಡೆಯ ವಾರದಲ್ಲೇ ನಕ್ಷತ್ರ ಎಣಿಸಿ ಗೋಡೆಗೆ ಮೊಳೆ ಹೊಡೆಯುವುದರ ಬಗ್ಗೆ.

ಓದುಗರು ಬೇಡವೆಂದ ಆ ಅಲೆದಾಟವನ್ನು ತೆಗೆದರೆ ಕಥೆ ಹೇಗಾಗುತ್ತದೆಂಬ ಪರೀಕ್ಷೆಯೂ ನಡೆದುಹೋಗಿದೆ. ಮಾರ್ಟಿನ್ ಅವರ ಮಾಲೆಯನ್ನು ಆಧರಿಸಿದ 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿ ನಾಲ್ಕು ಮತ್ತು ಐದನೆಯ ಸಂಪುಟಗಳಿಗೆ ಬಂದಾಗ ಬಹಳಷ್ಟನ್ನು ಕತ್ತರಿಸಿತು. ಬ್ರಿಯೆನ್‌ಳ ದಾರಿ ಮೊಟಕಾಗಿ ಬೇರೆಯೇ ಆಯಿತು. ಆಮೇಲೆ ಓಟ ಹೆಚ್ಚಿತು: ಮೊದಲ ಆರು ಸೀಸನ್‌ಗಳಿಗೆ ಹತ್ತು ಹತ್ತು ಕಂತುಗಳಿದ್ದದ್ದು ಏಳನೆಯದಕ್ಕೆ ಏಳು, 2019ರ ಕೊನೆಯದಕ್ಕೆ ಆರು. ಡೆನೇರಿಸ್ ಶರಣಾದ ನಗರವನ್ನು ಸುಟ್ಟಾಗ, ಅವಳು ಅಲ್ಲಿಗೆ ಬಂದು ಮುಟ್ಟಿದ್ದು ಹೇಗೆಂದು ನಮಗೆ ತೋರಿಸಲೇ ಇಲ್ಲ ಎಂಬ ಕೂಗೆದ್ದಿತು. ಕೊನೆಯ ಸೀಸನ್ ಮತ್ತೆ ಮಾಡಿ ಎಂಬ ಮನವಿಗೆ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಪುಸ್ತಕ ನಿಧಾನವೆಂದವರೂ ಧಾರಾವಾಹಿ ಅವಸರವೆಂದವರೂ ಒಂದೇ ಜನವಲ್ಲ, ಅದನ್ನು ಒಪ್ಪುತ್ತೇನೆ. ಬರೆದ ಪುಸ್ತಕ ಮುಗಿದ ಮೇಲೆ ಧಾರಾವಾಹಿಗೆ ಬೇರೆ ಕಷ್ಟಗಳೂ ಇದ್ದವು. ಆದರೂ ರಾಜರ ಜಗಳದ ಬೆಲೆಯನ್ನು ಹಳ್ಳಿಯವರ ಬಾಯಲ್ಲಿ ಕೇಳಿಸಿಕೊಂಡ ಓದುಗನಿಗೆ ಸುಟ್ಟ ನಗರ ಅರ್ಥವಾಗುವ ರೀತಿಯೇ ಬೇರೆ.

ಓದುಗರಿಂದ ಬಂದ ವಿಮರ್ಶೆಯ ಅತ್ಯುತ್ತಮ ಉದಾಹರಣೆ ನನಗೆ ಕಾಣುವುದು ದೂರಿನಲ್ಲಲ್ಲ. ಐದನೆಯ ಸಂಪುಟ ಬಂದ ಮೇಲೆ ಕೆಲವು ಓದುಗರು, ಲೇಖಕ ಭೂಗೋಳದ ಪ್ರಕಾರ ಸೀಳಿದ್ದ ಎರಡನ್ನೂ ಕಾಲದ ಪ್ರಕಾರ ಮತ್ತೆ ಹೊಲಿದರು. ಯಾವ ಅಧ್ಯಾಯದ ಮೇಲೆ ಯಾವುದನ್ನು ಓದಬೇಕೆಂಬ ಪಟ್ಟಿ ಮಾಡಿದರು. ಆ ಕ್ರಮದಲ್ಲಿ ಸರ್ಸಿ ಆಳಲಾರದೆ ಕುಸಿಯುವುದೂ, ಗೋಡೆಯ ಬಳಿ ಜಾನ್, ಸಮುದ್ರದಾಚೆ ಡೆನೇರಿಸ್ ಆಳಲು ಪರದಾಡುವುದೂ ಅಕ್ಕಪಕ್ಕ ಬರುತ್ತವೆ. ಅಧಿಕಾರ ಹಿಡಿಯುವುದಕ್ಕಿಂತ ಅದನ್ನು ನಡೆಸುವುದು ಕಷ್ಟವೆಂಬ ಒಂದೇ ಚಿಂತನೆ ಮೂರು ಕಡೆ ನಡೆಯುತ್ತಿತ್ತೆಂದು ಆಗ ಹೊಳೆಯುತ್ತದೆ. ಯಾವ ಪ್ರಕಾಶಕರೂ ಹೇಳಿ ಮಾಡಿಸಿದ ಕೆಲಸವಲ್ಲ ಇದು. ಆರನೆಯ ಸಂಪುಟ 'ದ ವಿಂಡ್ಸ್ ಆಫ್ ವಿಂಟರ್' ಇನ್ನೂ ಬಂದಿಲ್ಲ. ಬಂದ ದಿನ ಅದನ್ನು ತೆರೆಯುವ ಕೈಗಳು 2011ರಿಂದ ಕಾದ ಕೈಗಳಾಗಿರುತ್ತವೆ, ಧಾರಾವಾಹಿ ಕೊಟ್ಟ ಅಂತ್ಯದ ಕಹಿಯೂ ಅವುಗಳಿಗೆ ಅಂಟಿರುತ್ತದೆ. ಮೊದಲ ವಾರ ಏನು ಹೇಳುತ್ತಾರೆಂದು ಈಗಲೇ ಊಹಿಸಬಹುದು. ನಾನು ಓದಲು ಕಾದಿರುವುದು, ಆ ಪುಸ್ತಕವನ್ನು ಎರಡನೆಯ ಸಲ ಕೈಗೆತ್ತಿಕೊಂಡವರು ಬರೆಯುವುದನ್ನು.