ಎರಡನೆಯ ಹೆಸರನ್ನು ಆರಿಸುವವರು ಯಾರು?

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಬಂತೆಂದರೆ ಜಗತ್ತಿನ ದೃಷ್ಟಿಯೆಲ್ಲ ಮೊದಲ ಹೆಸರಿನ ಮೇಲೆಯೇ ನೆಟ್ಟಿರುತ್ತದೆ. ಎರಡನೆಯ ಹೆಸರು ಅದರ ಬೆನ್ನಿಗಂಟಿಕೊಂಡು ಬರುತ್ತದೆ. ಮತದಾರನು ಇಬ್ಬರನ್ನೂ ಒಟ್ಟಿಗೆ ಸ್ವೀಕರಿಸಬೇಕು, ಇಲ್ಲವೇ ಒಟ್ಟಿಗೆ ತಿರಸ್ಕರಿಸಬೇಕು. ಅಧ್ಯಕ್ಷ ಅಭ್ಯರ್ಥಿಯಾಗಲು ರಾಜ್ಯ ರಾಜ್ಯಗಳಲ್ಲಿ ತಿಂಗಳುಗಟ್ಟಲೆ ಪ್ರಾಥಮಿಕ ಚುನಾವಣೆಗಳನ್ನು ಎದುರಿಸಬೇಕಾಗುತ್ತದೆ. ಉಪಾಧ್ಯಕ್ಷ ಅಭ್ಯರ್ಥಿಯಾಗಲು ಒಬ್ಬ ವ್ಯಕ್ತಿಯ ಒಪ್ಪಿಗೆಯಿದ್ದರೆ ಸಾಕು. ಪಕ್ಷದ ಸಮಾವೇಶವು ಅದಕ್ಕೆ ಮುದ್ರೆಯೊತ್ತುತ್ತದೆ.

ಈ ಆಯ್ಕೆಯ ಹಿಂದಿರುವುದು ಬಹುತೇಕ ಮತಗಳ ಲೆಕ್ಕಾಚಾರ. 1960ರಲ್ಲಿ ಜಾನ್ ಕೆನಡಿಯವರು ಟೆಕ್ಸಾಸ್‌ನ ಲಿಂಡನ್ ಜಾನ್ಸನ್‌ರನ್ನು ಆರಿಸಿಕೊಂಡದ್ದು ದಕ್ಷಿಣದ ರಾಜ್ಯಗಳ ಬೆಂಬಲಕ್ಕಾಗಿ. 1963ರ ನವೆಂಬರ್‌ನಲ್ಲಿ ಕೆನಡಿಯವರ ಹತ್ಯೆಯಾಯಿತು. ಮತಕ್ಕಾಗಿ ಆರಿಸಲ್ಪಟ್ಟವರೇ ದೇಶದ ಚುಕ್ಕಾಣಿ ಹಿಡಿದರು. ವಿಯೆಟ್ನಾಮ್‌ಗೆ ಯುದ್ಧಪಡೆಗಳನ್ನು ಕಳುಹಿಸಿದ್ದು ಅವರದೇ ಆಡಳಿತ. 1972ರಲ್ಲಿ ಜಾರ್ಜ್ ಮೆಕ್‌ಗವರ್ನ್ ಅವಸರದಲ್ಲಿ ಥಾಮಸ್ ಈಗಲ್ಟನ್‌ರನ್ನು ಆರಿಸಿದರು. ಅವರು ಖಿನ್ನತೆಗೆ ಚಿಕಿತ್ಸೆ ಪಡೆದಿದ್ದ ವಿಚಾರ ಬಹಿರಂಗವಾದಾಗ ಮೂರು ವಾರ ತುಂಬುವ ಮೊದಲೇ ಕೈಬಿಟ್ಟರು. ಆ ಬಳಿಕ ಅಭ್ಯರ್ಥಿಗಳ ಆರೋಗ್ಯ, ಆಸ್ತಿ, ಪೂರ್ವಚರಿತ್ರೆಗಳ ತಪಾಸಣೆ ಬಿಗಿಯಾಯಿತು.

ಆದರೆ ತಪಾಸಕರನ್ನು ತಪಾಸಣೆ ಮಾಡುವವರು ಯಾರು? 2000ದಲ್ಲಿ ಜಾರ್ಜ್ ಬುಶ್ ಅವರು ಸೂಕ್ತ ವ್ಯಕ್ತಿಯನ್ನು ಹುಡುಕುವ ಹೊಣೆಯನ್ನು ಹ್ಯಾಲಿಬರ್ಟನ್ ಕಂಪೆನಿಯ ಮುಖ್ಯಸ್ಥರಾಗಿದ್ದ ಡಿಕ್ ಚೆನಿಯವರಿಗೆ ವಹಿಸಿದರು. ಹುಡುಕಾಟ ಮುಗಿದಾಗ ಆಯ್ಕೆಯಾದವರು ಚೆನಿಯೇ! ಅಷ್ಟಕ್ಕೂ ಅಲ್ಲೊಂದು ಸಾಂವಿಧಾನಿಕ ತೊಡಕಿತ್ತು. ಅಧ್ಯಕ್ಷ ಮತ್ತು ಉಪಾಧ್ಯಕ್ಷ ಅಭ್ಯರ್ಥಿಗಳಿಬ್ಬರೂ ಒಂದೇ ರಾಜ್ಯದವರಾದರೆ ಆ ರಾಜ್ಯದ ಎಲೆಕ್ಟರುಗಳು ಇಬ್ಬರಿಗೂ ಮತ ನೀಡುವಂತಿಲ್ಲ. ಬುಶ್ ಟೆಕ್ಸಾಸ್‌ನವರು, ಚೆನಿಯ ವಾಸವೂ ಟೆಕ್ಸಾಸ್‌ನಲ್ಲೇ. ಆದ್ದರಿಂದ ಚೆನಿ ತನ್ನ ಮತದಾರ ನೋಂದಣಿಯನ್ನು ವಯೋಮಿಂಗ್‌ಗೆ ವರ್ಗಾಯಿಸಿಕೊಂಡರು. ಗೆಲುವಿಗೆ ಬೇಕಿದ್ದುದು 270 ಎಲೆಕ್ಟರ್ ಮತಗಳು, ದೊರೆತದ್ದು 271. ಟೆಕ್ಸಾಸ್‌ನ ಪಾಲು ಅದರಲ್ಲಿ 32. ಆ ನೋಂದಣಿಯ ಬೆಲೆ ಎಷ್ಟೆಂಬುದನ್ನು ಈ ಅಂಕೆಗಳೇ ಹೇಳುತ್ತವೆ.

2002ರ ಆಗಸ್ಟ್‌ನಲ್ಲಿ ಇದೇ ಚೆನಿ, ಸದ್ದಾಮ್ ಹುಸೇನ್ ಬಳಿ ಸಮೂಹನಾಶಕ ಅಸ್ತ್ರಗಳಿರುವುದರಲ್ಲಿ ಸಂದೇಹವೇ ಇಲ್ಲವೆಂದು ಸಾರಿದರು. 2003ರ ಮಾರ್ಚ್‌ನಲ್ಲಿ ಇರಾಕ್‌ನ ಮೇಲೆ ಆಕ್ರಮಣ ನಡೆಯಿತು. ಹೇಳಲಾದ ಅಸ್ತ್ರಸಂಗ್ರಹ ಸಿಗಲೇ ಇಲ್ಲ. ಅಂತಿಮ ನಿರ್ಧಾರ ಬುಶ್ ಅವರದೇ ಆಗಿತ್ತೆಂಬುದು ನಿಜ. ಆದರೆ ಆ ನಿರ್ಧಾರಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಚೆನಿ ಅಗ್ರಗಣ್ಯರು.

ಉಪಾಧ್ಯಕ್ಷ ಸ್ಥಾನವನ್ನು ಕೇವಲ ಅಲಂಕಾರವೆಂದು ಹಗುರವಾಗಿ ಕಾಣುವವರು ಒಂದು ಸಂಗತಿಯನ್ನು ಮರೆಯಬಾರದು. ಅಧ್ಯಕ್ಷರ ಮರಣ ಅಥವಾ ರಾಜೀನಾಮೆಯಿಂದಾಗಿ ಇದುವರೆಗೆ ಒಂಬತ್ತು ಉಪಾಧ್ಯಕ್ಷರು ಅಧ್ಯಕ್ಷರಾಗಿದ್ದಾರೆ. ಆದ್ದರಿಂದ ಅಭ್ಯರ್ಥಿಯ ವಿವೇಕವನ್ನು ಅಳೆಯಲು ಆತನ ಭಾಷಣಗಳಿಗಿಂತಲೂ ಉತ್ತಮ ಮಾನದಂಡವೊಂದಿದೆ: ತನ್ನ ಪಕ್ಕದಲ್ಲಿ ಆತ ಯಾರನ್ನು, ಯಾವ ಉದ್ದೇಶಕ್ಕಾಗಿ ನಿಲ್ಲಿಸಿಕೊಂಡಿದ್ದಾನೆ? ಅಮೆರಿಕದ ಮತದಾರರು ಈ ಪ್ರಶ್ನೆಯನ್ನು ಮತದಾನಕ್ಕೆ ಮುಂಚೆಯೇ ಕೇಳಬೇಕು. ಏಕೆಂದರೆ ಅದರ ಉತ್ತರಕ್ಕೆ ಬೆಲೆ ತೆರುವವರಲ್ಲಿ ಅಲ್ಲಿ ಮತದಾನದ ಹಕ್ಕೇ ಇಲ್ಲದ ಬಗ್ದಾದ್‌ನ ತಾಯಂದಿರೂ ಇದ್ದಾರೆ.