ಬ್ಲಾಗು ಅಂದ್ರೆ ಹರಟೆ ಅಂದೋರಿಗೆ

ಹೋದ ವಾರ ಅಕ್ಕೂರಲ್ಲಿ ನಾಮಕರಣದ ಊಟಕ್ಕೆ ಕೂತಿದ್ದಾಗ, ಎದುರು ಸಾಲಲ್ಲಿದ್ದ ಮಾವ ಒಬ್ರು ಮುದ್ದೆ ಮುರೀತಾ, "ಏನವ್ವ, ಈ ಸಾರಿನ ಸುದ್ದಿನೂ ಬ್ಲಾಗಿಗೆ ಹಾಕ್ತೀಯೇನು? ಬರಿಯೋರಂತೆ ಬರಿಯೋರು!" ಅಂದ್ರು. ಸಾಲೆಲ್ಲ ನಕ್ತು. ನಾನೂ ನಕ್ಕೆ. ಮನೆಗೆ ಬಂದ್ಮೇಲೆ ಸಿಟ್ಟು ಬಂತು. ಅದ್ಕೇ ಇವತ್ತು ಅಡಿಗೆ ವಿಷಯ ಇಲ್ಲ ಕಣ್ರಕ್ಕ, ಜಗಳ.

ಬ್ಲಾಗು ಅಂದ್ರೇನು ಅಂತ ಇನ್ನೂ ಕೇಳೋರು ಅವ್ರೆ, ಅವರಿಗೆ ವಸಿ ಹೇಳ್ಬಿಡ್ತೀನಿ. ಹಡಗಿನೋರು ಇವತ್ತು ಎಷ್ಟು ದೂರ ಬಂದ್ವಿ, ಗಾಳಿ ಹೆಂಗಿತ್ತು ಅಂತ ದಿನಾ ಬರೆದಿಡೋ ಪುಸ್ತಕಕ್ಕೆ ಲಾಗ್ ಅಂತಾರೆ. ಇಂಟರ್ನೆಟ್ಟಲ್ಲಿ ಹಂಗೆ ಬರೆಯೋದಕ್ಕೆ 1997ರಲ್ಲಿ ವೆಬ್‌ಲಾಗ್ ಅಂತ ಹೆಸರಿಟ್ರು, 1999ರಲ್ಲಿ ಅದು ಮೊಟಕಾಗಿ ಬ್ಲಾಗ್ ಆಯ್ತು. ಹೊಸದು ಮೇಲೆ, ಹಳೇದು ಕೆಳಗೆ, ತಾರೀಖು ಇರ್ತದೆ, ಹುಡುಕಿದ್ರೆ ಸಿಗ್ತದೆ. ಅಷ್ಟೆ. ನಮ್ಮವ್ವ ಹಾಲಿನ ಲೆಕ್ಕ ಗೀಚ್ತಿದ್ದ ಗೋಡೆ ಕ್ಯಾಲೆಂಡರೂ ಅದೇ ಜಾತಿಗೆ ಸೇರಿದ್ದು. ಒಬ್ರು ಕವನ ಹಾಕ್ತಾರೆ, ಒಬ್ರು ಪರೀಕ್ಷೆ ಬರೆಯೋ ಮಕ್ಕಳಿಗೆ ನೋಟ್ಸು, ಒಬ್ರು ಹೊಲಿದ ರವಿಕೆ ಫೋಟೋ ಹಾಕಿ ವ್ಯಾಪಾರ ಮಾಡ್ಕತಾರೆ. 2005ರಲ್ಲಿ ಶುರುವಾದ ಸಂಪದದಲ್ಲಿ ಎಷ್ಟೋ ಜನ ಕನ್ನಡದಲ್ಲೇ ಬರೆದ್ರು. ಅವರನ್ನೆಲ್ಲ ಮಾವ ಆಡ್ಕಳಲ್ಲ. ರಾಜಕೀಯ ಬರೆದ್ರೆ ವಿಚಾರ, ಬೆಟ್ಟ ಹತ್ತಿ ಬಂದು ಬರೆದ್ರೆ ಪ್ರವಾಸ ಕಥನ, ಒಲೆ ಮುಂದೆ ಕೂತ್ಕಂಡು ಬರೆದ್ರೆ ಹರಟೆ.

ಅದೇ ಮಾವ, ಬೆಂಗಳೂರಿಂದ ನೆಂಟರು ಬಂದ್ರೆ ರಾಮನಗರದ ಹತ್ರ ಜಾನಪದ ಲೋಕಕ್ಕೆ ಕರ್ಕಂಡು ಹೋಗ್ತಾರೆ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ದೊಡ್ಡ ಕೆಲಸ, ನಾನೂ ಕೈ ಮುಗೀತೀನಿ. ಅಲ್ಲಿ ಅಡಿಗೆಮನೆ ಸಾಮಾನು ನೋಡಿ, "ನೋಡ್ರಿ, ನಮ್ಮ ಸಂಸ್ಕೃತಿ" ಅಂತ ಮಾವನೇ ತೋರಿಸ್ತಾರೆ. ಟಿಕೆಟ್ ತಗಂಡು ಬೀಸೋಕಲ್ಲು ನೋಡಿದ್ರೆ ಸಂಸ್ಕೃತಿ. ಅದರಲ್ಲಿ ರಾಗಿ ಬೀಸಿದೋಳು ತಾನೇ ಬರೆದ್ರೆ ಹರಟೆ. ಇದ್ಯಾವ ನ್ಯಾಯ ಮಾವ?

ನಂಜನಗೂಡಿನ ತಿರುಮಲಾಂಬ ಗೊತ್ತಲ್ಲ? 1887ರಲ್ಲಿ ಹುಟ್ಟಿದೋರು, ಎಳೇ ವಯಸ್ಸಿಗೇ ಗಂಡನ್ನ ಕಳ್ಕಂಡೋರು. ಹೆಂಗಸರಿಗೇ ಅಂತ ಸತೀಹಿತೈಷಿಣಿ ಗ್ರಂಥಮಾಲೆ, ಕರ್ನಾಟಕ ನಂದಿನಿ ಪತ್ರಿಕೆ ತಾವೇ ನಡೆಸಿದ್ರು. ಆಮೇಲೆ ಬರೆಯೋದು ಬಿಟ್ಟು ದಶಕಗಟ್ಟಲೆ ಸುಮ್ಮನಾದ್ರು. ಅವರಿಗೆ ಅಚ್ಚಿನ ಖರ್ಚಿತ್ತು. ನಮಗೆ ಬೇಕಾಗಿರೋದು ಒಂದು ಫೋನು, ಮಧ್ಯಾಹ್ನ ಅರ್ಧ ಗಂಟೆ.

ಮಾವ ಒಬ್ರದೇ ತಪ್ಪು ಅಂತ ನಾನು ಹೇಳಲ್ಲ. ನಾವೂ ಎಲ್ಲಾನೂ ಫೋನಿನ ಗುಂಪಿಗೆ ಸುರಿದು ಸುಮ್ಮನಾಗ್ತೀವಿ. ನಮ್ಮ ದೊಡ್ಡವ್ವ ಹಸೆಗೆ ಕರೆಯೋ ಸೋಬಾನೆ ಪದ ಪೂರಾ ಹಾಡಿದ್ದನ್ನ ಗುಂಪಿಗೆ ಕಳಿಸಿದ್ದೆ. ಹೂವಿನ ಚಿತ್ರ ಇಪ್ಪತ್ತು ಬಂದ್ವು. ಜಾಗ ಸಾಲದು ಅಂತ ಎಲ್ಲರೂ ಅಳಿಸ್ಕಂಡ್ರು, ನಾನು ಫೋನು ಬದಲಾಯಿಸಿದೆ. ಆಷಾಢದಲ್ಲಿ ದೊಡ್ಡವ್ವ ತೀರ್ಕಂಡ್ಲು. ಅವಳ ಮೊಮ್ಮಗಳ ಮದುವೇಲಿ ಹಸೆಗೆ ಕೂರಿಸುವಾಗ ಒಬ್ರಿಗೂ ಪದ ಬರಲಿಲ್ಲ. ಸಿನಿಮಾ ಹಾಡು ಹಾಕಿದ್ರು. ಈ ಬ್ಲಾಗಲ್ಲಿ ನಾನು ಹಿಂದೆ ಯಾವಾಗಲೋ ಬರೆದಿದ್ದ ಹನ್ನೊಂದು ಸಾಲು ಮಾತ್ರ ಉಳ್ಕಂಡೈತೆ. ಅವತ್ತು ಪೂರಾ ಬರೀಬೇಕಾಗಿತ್ತು. ಮಧ್ಯಾಹ್ನ ನಿದ್ದೆ ಬಂತು ಅಂತ ಬಿಟ್ಟೆ.

ಮನೆ ಮಾತು ಬೀದಿಗೆ ಹಾಕಬ್ಯಾಡ ಅಂತಾರಲ್ಲ, ಅದನ್ನ ವಸಿ ಒಪ್ತೀನಿ. ಒಂದ್ಸಲ ನಾದಿನಿ ಮನೆ ಗಲಾಟೆ ಬರೆದು, ಅವಳು ಮೂರು ತಿಂಗಳು ಮಾತು ಬಿಟ್ಟಿದ್ಲು. ತೆಗೆದುಹಾಕ್ದೆ. ಇನ್ನೊಬ್ಬರ ನೋವು ನಮ್ಮ ಸೊತ್ತಲ್ಲ. ಆದ್ರೆ ನನ್ನ ಕೈ ಕೆಲಸ, ನನ್ನ ಅವ್ವ ಹೇಳ್ಕೊಟ್ಟಿದ್ದು ನನ್ನವೇ.

ಮಾವ, ಆವತ್ತಿನ ಸಾರಿಗೆ ಹುಣಸೆಹುಳಿ ಜಾಸ್ತಿಯಾಗಿತ್ತು. ಬರೆದಿದೀನಿ ನೋಡಿ.

ಅಕ್ಕದೀರ, ದೊಡ್ಡವ್ವನ ಪದದ ಹನ್ನೆರಡನೇ ಸಾಲು ಯಾರಿಗಾದ್ರೂ ನೆನಪಿದ್ರೆ ಮಾತಲ್ಲಿ ಹೇಳಿ ಬಿಡಬ್ಯಾಡಿ. ಬರೆದು ಕಳಿಸಿ.